ಚುಕ್ಕಿ ಗಬ್ಬ ಆಗಿದೆಯಾ, ಬರೀ ದಪ್ಪ ಆಗಿದೆಯಾ? (ಈಗ ಮರಿ ಹಾಕಿದೆ, ಕೊನೆವರೆಗೆ ಓದಿ)

ಚುಕ್ಕಿಯಮ್ಮ – ಫೆಬ್ರವರಿ 20, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಚುಕ್ಕಿ ಅಂತ ಮೂರು ಬಣ್ಣದ ಬೆಕ್ಕು ಇದೆ, ಹನ್ನೊಂದು ತಿಂಗಳು. ಆಪರೇಷನ್ ಮಾಡಿಸಿಲ್ಲ. ಬೈಯಬೇಡಿ, ಸಂಕ್ರಾಂತಿ ಮುಗಿಸಿಕೊಂಡು ಮಾಡಿಸೋಣ ಅಂತಿದ್ದೆವು, ಅವಳು ಕಾಯಲಿಲ್ಲ.

ಸಂಕ್ರಾಂತಿ ಹೊತ್ತಿಗೆ ನಾಲ್ಕು ರಾತ್ರಿ ಮಗು ಅತ್ತ ಹಾಗೆ ಕೂಗಿದಳು. ನೆಲದ ಮೇಲೆ ಉರುಳಾಡೋದು, ಬೆನ್ನು ಸವರಿದರೆ ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸೋದು, ಎಲ್ಲ ಆಯಿತು. ಜನವರಿ 16ಕ್ಕೆ ಅಡುಗೆಮನೆ ಕಿಟಕಿಯಿಂದ ಹಾರಿ ಹೋದವಳು ಮರುದಿನ ಸಂಜೆ ಬಂದಳು. ಆಮೇಲೆ ಕೂಗೇ ಇಲ್ಲ. ಈಗ ಒಂದು ವಾರದಿಂದ ಹೊಟ್ಟೆ ಅಗಲ ಕಾಣುತ್ತಿದೆ. ಅತ್ತೆ ಗಬ್ಬ ಅಂತಾರೆ. ನಮ್ಮವರು "ನೀನು ಹಾಕೋ ಮೀನಿನ ಹೊಟ್ಟೆ ಅದು" ಅಂತಾರೆ. ಇಲ್ಲಿನ ದನದ ಆಸ್ಪತ್ರೆಯ ಡಾಕ್ಟರು ಯಾವಾಗ ಹೋದರೂ ಹಳ್ಳಿ ಮೇಲೆ ಹೋಗಿರುತ್ತಾರೆ. ಮನೆಯಲ್ಲೇ ತಿಳಿದುಕೊಳ್ಳೋದು ಹೇಗೆ?

ರಾಗಿರೊಟ್ಟಿ – ಫೆಬ್ರವರಿ 20, ರಾತ್ರಿ 9:34

ಸುಲಭ. ಹೊಟ್ಟೆ ಒತ್ತಿ ನೋಡಿ, ಗೋಲಿ ತರ ಸಿಗುತ್ತೆ. ನಮ್ಮಜ್ಜಿ ಹಾಗೇ ಹೇಳುತ್ತಿದ್ದರು. ದಿನಾ ಎರಡು ಲೋಟ ಹಾಲು ಇಡಿ. ಕೊನೆ ತಿಂಗಳು ಸ್ವಲ್ಪ ತುಪ್ಪ ಹಾಕಿದರೆ ಹೆರಿಗೆ ಸಲೀಸು. ಸೀಮಂತಕ್ಕೆ ನಮ್ಮನ್ನೂ ಕರೀರಿ.

ನಿವೃತ್ತ_ಇನ್ಸ್‌ಪೆಕ್ಟರ್ – ಫೆಬ್ರವರಿ 20, ರಾತ್ರಿ 10:02

ದಯವಿಟ್ಟು ಒತ್ತಬೇಡಿ. ದನದ ಆಸ್ಪತ್ರೆಗಳಲ್ಲಿ 30 ವರ್ಷ ಕೆಲಸ ಮಾಡಿದವನು ನಾನು. ಗೋಲಿ ಸಿಗುವುದು ಮೂರರಿಂದ ನಾಲ್ಕನೇ ವಾರದ ನಡುವೆ, ಅದೂ ಪಳಗಿದ ಕೈಗೆ. ನಿಮ್ಮ ಲೆಕ್ಕದಲ್ಲಿ ಇವತ್ತಿಗೆ 35 ದಿನ. ಈಗ ಗೋಲಿಗಳು ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒತ್ತಿದರೆ ತಿಳಿಯುವುದೇನೂ ಇಲ್ಲ, ಮರಿ ಹೋಗಬಹುದು ಅಷ್ಟೆ.

ಹಾಲು ಕುಡಿದರೆ ಬಹಳ ಬೆಕ್ಕುಗಳಿಗೆ ಭೇದಿ. ದೊಡ್ಡದಾದ ಮೇಲೆ ಹಾಲಿನ ಸಕ್ಕರೆ ಅವಕ್ಕೆ ಅರಗಲ್ಲ. ತುಪ್ಪದ ವಿಷಯ ಬಿಡಿ.

ಮಾಳಿಗೆಬೆಕ್ಕು – ಫೆಬ್ರವರಿ 21, ಬೆಳಗ್ಗೆ 6:15

ಊರು ತೀರ್ಥಹಳ್ಳಿ, ಈಗ ಇರೋದು ನ್ಯೂಜೆರ್ಸಿ. ಇಲ್ಲಿ ಬೀದಿಯಿಂದ ತಂದ ಗಬ್ಬದ ಬೆಕ್ಕುಗಳಿಗೆ ನಮ್ಮ ಮನೆಯಲ್ಲೇ ಬಾಣಂತನ ಮಾಡುತ್ತೇನೆ.

ಹೊಟ್ಟೆ ಯಾವಾಗಲೂ ಕೊನೆಗೆ ಸಾಕ್ಷಿ ಹೇಳುತ್ತೆ. ಮೊದಲು ಹೇಳೋದು ಮೊಲೆತೊಟ್ಟು. 15ರಿಂದ 20 ದಿನಕ್ಕೆ ತೊಟ್ಟುಗಳು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಸುತ್ತಲಿನ ಕೂದಲು ತೆಳುವಾಗುತ್ತೆ. ಚೊಚ್ಚಲ ಬೆಕ್ಕಿನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅವಳು ಮಲಗಿದಾಗ ಹಗಲು ಬೆಳಕಿನಲ್ಲಿ ನೋಡಿ. ಆಮೇಲೆ ಮೇಲಿನಿಂದ ನೋಡಿ. ಕೊಬ್ಬಾದರೆ ಕುತ್ತಿಗೆ, ಪಕ್ಕೆ, ಎಲ್ಲ ಕಡೆ ತುಂಬಿಕೊಂಡಿರುತ್ತೆ. ಗಬ್ಬವಾದರೆ ಬೆನ್ನು ಮೊದಲಿನಂತೇ ಇದ್ದು ಪಕ್ಕೆಯಿಂದ ಹಿಂದಕ್ಕೆ ಎರಡೂ ಕಡೆ ಉಬ್ಬಿರುತ್ತೆ, ಕತ್ತೆ ಮೇಲೆ ಜೋಳಿಗೆ ಹೇರಿದ ಹಾಗೆ.

ಕೂಗು ನಿಂತಿದ್ದು ಒಳ್ಳೆಯ ಸುಳಿವೇ. ಗಬ್ಬ ನಿಲ್ಲದಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಮತ್ತೆ ಬೆದೆಗೆ ಬರುತ್ತವೆ. ಆದರೆ ಅದೊಂದನ್ನೇ ನಂಬಬೇಡಿ. ಬೆಕ್ಕಿನಲ್ಲಿ ಕೂಡಿದ ಮೇಲೆಯೇ ಅಂಡ ಬಿಡುಗಡೆ ಆಗೋದು. ಬಿಡುಗಡೆ ಆಗಿಯೂ ಗಬ್ಬ ನಿಲ್ಲದಿದ್ದರೆ ಸುಮಾರು 40 ದಿನ ಬೆದೆಯೂ ಇಲ್ಲ, ಮರಿಯೂ ಇಲ್ಲ. ಸುಳ್ಳು ಗಬ್ಬ. ನೀವಿನ್ನೂ ಆ 40ರ ಒಳಗೇ ಇದ್ದೀರಿ.

ಇನ್ನೊಂದು. ಹೊಟ್ಟೆ ಉಬ್ಬೋದು ಜಂತುಹುಳದಿಂದಲೂ ಆಗುತ್ತೆ, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆಯಿಂದಲೂ ಆಗುತ್ತೆ. ನೀರು ತುಂಬಿದ ಬೆಕ್ಕು ಮಂಕಾಗಿರುತ್ತೆ, ಹೊಟ್ಟೆ ದಪ್ಪ ಇದ್ದರೂ ಬೆನ್ನುಮೂಳೆ ಕೈಗೆ ಸಿಗುತ್ತೆ. ಬೆದೆ ಮುಗಿದು ಕೆಲವು ವಾರಕ್ಕೆ ವಿಪರೀತ ನೀರು ಕುಡಿಯುತ್ತಿದ್ದರೆ, ಊಟ ಬಿಟ್ಟರೆ, ಹಿಂದಿನಿಂದ ಕೀವು ಸೋರಿದರೆ ಗರ್ಭಕೋಶದಲ್ಲಿ ಕೀವು ಅಂತ ಅರ್ಥ. ಅದಕ್ಕೆ ಅವತ್ತೇ ಡಾಕ್ಟರು ಬೇಕು.

ಯಾವುದಕ್ಕೂ ಒಂದು ಸ್ಕ್ಯಾನಿಂಗ್ ಮಾಡಿಸಿ. ಇಷ್ಟು ದಿನಕ್ಕೆ ಮರಿಗಳ ಎದೆಬಡಿತ ಕಾಣುತ್ತೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ವಾ.

ಚುಕ್ಕಿಯಮ್ಮ – ಫೆಬ್ರವರಿ 24, ಸಂಜೆ 7:50

ತೊಟ್ಟು ಗುಲಾಬಿ! ಇವತ್ತು ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಎದೆಬಡಿತ ಕಂಡಿತು. ಕಡಿಮೆ ಅಂದರೂ ಮೂರು, ಆದರೆ ಸ್ಕ್ಯಾನಿಂಗ್‌ನಲ್ಲಿ ಎಣಿಕೆ ತಪ್ಪುತ್ತೆ ಅಂದರು. ನಮ್ಮವರು ಮೀನಿನ ಮಾತು ವಾಪಸ್ ತೆಗೆದುಕೊಂಡಿದ್ದಾರೆ.

ಈಗ ಊಟ, ಔಷಧಿ, ಜಾಗ ಎಲ್ಲ ಹೇಳಿ. ಕ್ಯಾಲ್ಸಿಯಂ ಟಾನಿಕ್ ಹಾಕಲಾ?

ನಿವೃತ್ತ_ಇನ್ಸ್‌ಪೆಕ್ಟರ್ – ಫೆಬ್ರವರಿ 24, ರಾತ್ರಿ 8:40

ಟಾನಿಕ್ ಬೇಡ. ಗಬ್ಬದಲ್ಲಿ ಕ್ಯಾಲ್ಸಿಯಂ ಸುರಿದರೆ, ಮೂಳೆಯಿಂದ ತಾನೇ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪುತ್ತದೆ. ಹಾಲು ಇಳಿಯುವಾಗ ಒಮ್ಮೆಲೇ ಕೊರತೆಯಾಗಿ ನಡುಕ, ಸೆಡೆತ ಬರಬಹುದು. ಹಸುವಿನ ಹಾಲುಜ್ವರ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಮರಿಬೆಕ್ಕುಗಳಿಗೆ ಅಂತ ಸಿಗುವ ಆಹಾರವನ್ನೇ ತಾಯಿಗೆ ಹಾಕಿ, ಹಾಲು ಬಿಡಿಸುವವರೆಗೂ. ಅದರಲ್ಲಿ ಬೇಕಾದ್ದೆಲ್ಲ ಇರುತ್ತದೆ. ಜೊತೆಗೆ ಮುಳ್ಳು ತೆಗೆದ ಬೇಯಿಸಿದ ಮೀನು, ಕೋಳಿ. ಹಸಿ ಮಾಂಸ ಬೇಡ. ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲಿ ಜಾಗ ಇರಲ್ಲ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಇಡಿ. ಹುಳದ ಔಷಧಿ ಡಾಕ್ಟರನ್ನು ಕೇಳಿಯೇ ಕೊಡಿ. ಲಸಿಕೆ ಈಗ ಬೇಡ.

ನಿಮ್ಮಲ್ಲಿ ಕೊಟ್ಟಿಗೆ ಇದೆಯಾ? ದನಗಳ ಉಣುಗಿಗೆ ಹೊಡೆಯುವ ಔಷಧಿ ಬೆಕ್ಕಿಗೆ ವಿಷ. ನಾಯಿಯ ಕುತ್ತಿಗೆಗೆ ಹಾಕುವ ಹನಿ ಔಷಧಿಗಳಲ್ಲೂ ಕೆಲವು ಹಾಗೇ. ಜ್ವರದ ಪ್ಯಾರಾಸಿಟಮಾಲ್ ಅಂತೂ ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು.

ಚುಕ್ಕಿಯಮ್ಮ – ಫೆಬ್ರವರಿ 24, ರಾತ್ರಿ 8:52

ಸರ್, ಕೊಟ್ಟಿಗೆಗೆ ಮೊನ್ನೆಯೇ ಹೊಡೆಸಿದ್ದು. ಅವಳು ಆ ಕಡೆ ಹೋಗಿಲ್ಲ. ಇನ್ನು ಬಾಗಿಲು ಹಾಕಿಯೇ ಇಡುತ್ತೇವೆ.

ಮಾಳಿಗೆಬೆಕ್ಕು – ಫೆಬ್ರವರಿ 25, ಬೆಳಗ್ಗೆ 6:40

ಬೆಕ್ಕಿಗೆ 63ರಿಂದ 65 ದಿನ. ಎರಡು ಮೂರು ದಿನ ಹಿಂದೆ ಮುಂದೆ. ಜನವರಿ 16, 17ರಿಂದ ಎಣಿಸಿದರೆ ಮಾರ್ಚ್ 20ರಿಂದ 23. ಯುಗಾದಿ 19ಕ್ಕೆ. ಅಂದರೆ ನಿಮ್ಮ ಮನೆ ತುಂಬ ನೆಂಟರಿರುವಾಗ! ಅದಕ್ಕೆ ಜಾಗ ಈಗಲೇ ಮಾಡಿ, ಕಡಿಮೆ ಅಂದರೂ ಎರಡು ವಾರ ಮೊದಲು. ಅವಳಿಗೆ ಅಭ್ಯಾಸ ಆಗಬೇಕು.

ಅವಳು ಉದ್ದಕ್ಕೆ ಮಲಗಿ ಹೊರಳುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಮುಂದಿನ ಅಂಚು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಇರಲಿ. ತಾಯಿ ದಾಟಬೇಕು, ಮರಿ ಉರುಳಿ ಆಚೆ ಬರಬಾರದು. ಕೆಳಗೆ ದಪ್ಪಕ್ಕೆ ನ್ಯೂಸ್‌ಪೇಪರ್, ಮೇಲೆ ಹಳೇ ಪಂಚೆ ಅಥವಾ ಕಾಟನ್ ಸೀರೆ. ಅಡಿಕೆ ಚೀಲ ಹಾಸಬೇಡಿ. ಗೋಣಿ ನಾರು ಮರಿಯ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಕತ್ತಲೆ ಇರುವ, ಜನ ಓಡಾಡದ ಮೂಲೆ ಬೇಕು. ಮೊದಲ ವಾರ ಮರಿಗಳಿಗೆ ಮೈ ಬಿಸಿ ಉಳಿಸಿಕೊಳ್ಳೋಕೆ ಬರಲ್ಲ, ಪೆಟ್ಟಿಗೆಯೊಳಗೆ 30 ಡಿಗ್ರಿ ಆಸುಪಾಸು ಇರಬೇಕು. ರಾತ್ರಿ ಚಳಿ ಅನಿಸಿದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಒಂದು ಪಕ್ಕ ಮಾತ್ರ ಇಡಿ. ಸೆಕೆ ಆದರೆ ಆಚೆ ಸರಿಯೋಕೆ ಜಾಗ ಇರಲಿ.

ನಮ್ಮ ಕಡೆ ದೊಡ್ಡ ಶತ್ರು ಇರುವೆ. ಹುಟ್ಟಿದ ಮರಿಗೆ ಇರುವೆ ಮುತ್ತಿದ್ದು ನಾನೇ ನೋಡಿದ್ದೇನೆ, ಅಮ್ಮನ ಮನೆಯಲ್ಲಿ. ಪೆಟ್ಟಿಗೆಯನ್ನು ತಗ್ಗು ಮಣೆಯ ಮೇಲಿಟ್ಟು ಮಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಹಾಲಿನ ಪಾತ್ರೆಗೆ ಮಾಡುತ್ತಿದ್ದೆವಲ್ಲ, ಹಾಗೆ. ಇರುವೆ ಚಾಕ್ ಗೀಚಬೇಡಿ, ಅದೂ ಇನ್ಸ್‌ಪೆಕ್ಟರ್ ಹೇಳಿದ ಕೊಟ್ಟಿಗೆ ಔಷಧಿಯ ಜಾತಿಯದೇ.

50 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ. ಅಷ್ಟೊತ್ತಿಗೆ ಮೂಳೆ ಬಲಿತಿರುತ್ತೆ, ತಲೆ ಎಣಿಸಬಹುದು. ಎಷ್ಟು ಮರಿ ಅಂತ ಗೊತ್ತಿಲ್ಲದಿದ್ದರೆ ಹೆರಿಗೆ ಮುಗೀತಾ ಇಲ್ಲವಾ ಅಂತಲೂ ಗೊತ್ತಾಗಲ್ಲ.

ಚುಕ್ಕಿಯಮ್ಮ – ಮಾರ್ಚ್ 11, ಸಂಜೆ 6:30

ಎಕ್ಸ್‌ರೇ ಆಯಿತು. ನಾಲ್ಕು ತಲೆ. ಪೆಟ್ಟಿಗೆ ರೆಡಿ, ಮಣೆ ರೆಡಿ, ನೀರಿನ ಬಟ್ಟಲು ರೆಡಿ. ಮಹಾರಾಣಿ ಒಂದು ಸಲ ಮೂಸಿ ನೋಡಿ ಹೋದರು.

ಚುಕ್ಕಿಯಮ್ಮ – ಮಾರ್ಚ್ 21, ರಾತ್ರಿ 7:40

ನೆಂಟರು ಬೆಳಗ್ಗೆ ಹೋದರು. ಮಧ್ಯಾಹ್ನದಿಂದ ಚುಕ್ಕಿ ಊಟ ಮುಟ್ಟಿಲ್ಲ. ಕೆರೆಯುತ್ತಾಳೆ, ಸುತ್ತುತ್ತಾಳೆ, ನನ್ನ ಹಿಂದೆಯೇ ಬರುತ್ತಾಳೆ. ಜ್ವರ ನೋಡಿದೆವು, 37.4 ಡಿಗ್ರಿ. ನೋಡಿದ್ದಕ್ಕೆ ನಮ್ಮವರ ಕೈಗೆ ಮೂರು ಗೀರು.

ನಿವೃತ್ತ_ಇನ್ಸ್‌ಪೆಕ್ಟರ್ – ಮಾರ್ಚ್ 21, ರಾತ್ರಿ 7:58

ಮಾಮೂಲಿ 38ರಿಂದ 39 ಇರುತ್ತದೆ. 37.8ಕ್ಕಿಂತ ಕೆಳಗಿಳಿದರೆ ಹೆಚ್ಚಾಗಿ 24 ಗಂಟೆಯೊಳಗೆ ಹೆರಿಗೆ. ಇನ್ನು ಥರ್ಮಾಮೀಟರ್ ಎತ್ತಿಡಿ. ಡಾಕ್ಟರ ನಂಬರು, ಒಣ ಟವಲು, ಉಗುರು ಕತ್ತರಿಸಿದ ಕೈ, ಇಷ್ಟು ಸಾಕು. ಲೈಟು ಕಡಿಮೆ ಮಾಡಿ ದೂರ ಕೂತು ನೋಡಿ.

ಚುಕ್ಕಿಯಮ್ಮ – ಮಾರ್ಚ್ 21, ರಾತ್ರಿ 11:25

ಒಂದು ಬಂತು! ಕೆಂಚು ಬಣ್ಣ. ಪೆಟ್ಟಿಗೆಯಲ್ಲಿ ಅಲ್ಲ, ಬೀರುವಿನ ಕೆಳಗಿನ ಅರೆಯಲ್ಲಿ, ಅತ್ತೆಯ ಇಳಕಲ್ ಸೀರೆಯ ಮೇಲೆ. ಎತ್ತಿ ಪೆಟ್ಟಿಗೆಗೆ ಹಾಕಲಾ?

ಮಾಳಿಗೆಬೆಕ್ಕು – ಮಾರ್ಚ್ 21, ರಾತ್ರಿ 11:29

ಮುಟ್ಟಬೇಡಿ. ಸೀರೆ ಹೋಯಿತು ಅಂದುಕೊಳ್ಳಿ. ಒಂದೊಂದು ಮರಿಗೂ ಒಂದು ಮಾಸು ಬೀಳಬೇಕು, ಎಣಿಸಿ. ಅವಳು ತಿನ್ನುತ್ತಾಳೆ, ತಿನ್ನಲಿ.

ಚುಕ್ಕಿಯಮ್ಮ – ಮಾರ್ಚ್ 22, ಬೆಳಗಿನ ಜಾವ 2:30

11:55ಕ್ಕೆ ಕಪ್ಪು, 12:40ಕ್ಕೆ ಮೂರು ಬಣ್ಣದ್ದು. ಆಮೇಲೆ ಏನೂ ಇಲ್ಲ. ಸುಮಾರು ಎರಡು ಗಂಟೆ ಆಯಿತು. ಎಕ್ಸ್‌ರೇಯಲ್ಲಿ ನಾಲ್ಕಿತ್ತು. ಭಯ ಆಗುತ್ತಿದೆ. ಶಿವಮೊಗ್ಗಕ್ಕೆ ಹೊರಡಬೇಕಾ?

ಮಾಳಿಗೆಬೆಕ್ಕು – ಮಾರ್ಚ್ 22, ಬೆಳಗಿನ ಜಾವ 2:34

ನನಗಿಲ್ಲಿ ಇನ್ನೂ ಸಂಜೆ ಐದು, ಕೂತಿದ್ದೇನೆ. ಬೇಗ ಹೇಳಿ: ತಿಣುಕುತ್ತಿದ್ದಾಳಾ? ರಕ್ತ ಹರಿಯುತ್ತಿದೆಯಾ? ಮರಿಗಳಿಗೆ ಹಾಲು ಕೊಡುತ್ತಿದ್ದಾಳಾ? ಮಾಸು ಎಷ್ಟು?

ಚುಕ್ಕಿಯಮ್ಮ – ಮಾರ್ಚ್ 22, ಬೆಳಗಿನ ಜಾವ 2:38

ತಿಣುಕುತ್ತಿಲ್ಲ. ರಕ್ತ ಇಲ್ಲ. ಮೂರೂ ಹಾಲು ಕುಡಿಯುತ್ತಿವೆ, ಗುರುಗುರು ಅಂತಿದ್ದಾಳೆ. ಎರಡು ತುಂಡು ಕೋಳಿ ತಿಂದಳು. ಮಾಸು ಮೂರು.

ಮಾಳಿಗೆಬೆಕ್ಕು – ಮಾರ್ಚ್ 22, ಬೆಳಗಿನ ಜಾವ 2:45

ಹಾಗಾದರೆ ಸದ್ಯಕ್ಕೆ ಹೊರಡಬೇಡಿ. ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿಡಿ. ಬೆಕ್ಕುಗಳು ಅರ್ಧದಲ್ಲಿ ವಿರಾಮ ತೆಗೆದುಕೊಳ್ಳುವುದುಂಟು. ಆರಾಮಾಗಿ ಹಾಲು ಕೊಡುತ್ತಾ ತಿನ್ನುತ್ತಾ ಇದ್ದರೆ ಕೆಲವು ಗಂಟೆ, ಅಪರೂಪಕ್ಕೆ ಒಂದು ದಿನದವರೆಗೂ. ತಾಯಿ ಚಡಪಡಿಸುತ್ತಾ ಎರಡು ಗಂಟೆ ಕಳೆದರೆ ಮಾತ್ರ ಅದು ವಿರಾಮ ಅಲ್ಲ.

ಆದರೆ ಜೋರಾಗಿ 20 ನಿಮಿಷ ತಿಣುಕಿಯೂ ಮರಿ ಬರದಿದ್ದರೆ ಹೊರಡಿ. ಮರಿ ಅರ್ಧ ಕಂಡು 10 ನಿಮಿಷ ಸಿಕ್ಕಿಕೊಂಡರೆ ಹೊರಡಿ, ಎಳೆಯಬೇಡಿ. ಕೆಂಪು ರಕ್ತ ನಿಲ್ಲದೆ ಹರಿದರೆ, ತಾಯಿ ಕುಸಿದರೆ, ಯೋಚನೆಯೇ ಬೇಡ. ಕಾಲು ಅಥವಾ ಬಾಲ ಮೊದಲು ಬಂದರೆ ಹೆದರಬೇಡಿ, ಬೆಕ್ಕಿನಲ್ಲಿ ಅದು ಮಾಮೂಲಿ.

ಚುಕ್ಕಿಯಮ್ಮ – ಮಾರ್ಚ್ 22, ಬೆಳಗ್ಗೆ 6:05

ಕೈ ಇನ್ನೂ ನಡುಗುತ್ತಿದೆ. 5:10ಕ್ಕೆ ನಾಲ್ಕನೆಯದು ಬಂತು. ಚುಕ್ಕಿ ಎಷ್ಟು ಸುಸ್ತಾಗಿದ್ದಳು ಅಂದರೆ ತಿರುಗಿಯೂ ನೋಡಲಿಲ್ಲ. ಮರಿ ಚೀಲದೊಳಗೇ ಇತ್ತು. ಅರ್ಧ ನಿಮಿಷ ಕಾದೆ, ಆಮೇಲೆ ನಾನೇ ಮೂಗಿನ ಹತ್ತಿರ ಚೀಲ ಹರಿದೆ. ಬಾಯಿ ಒರೆಸಿ, ತಲೆ ಸ್ವಲ್ಪ ಕೆಳಗೆ ಮಾಡಿ, ಟವಲಿನಿಂದ ಬೆನ್ನು ಉಜ್ಜಿದೆ. ಉಜ್ಜಿದೆ, ಉಜ್ಜಿದೆ. ಅತ್ತೆ ದೇವರ ಮುಂದೆ ದೀಪ ಹಚ್ಚಲು ಹೋದರು. ಅಷ್ಟರಲ್ಲಿ "ಕೀಂ" ಅಂತು! ಹೊಕ್ಕುಳ ಬಳ್ಳಿ ಚುಕ್ಕಿಯೇ ಕಡಿದಳು.

ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆವು: ಕೆಂಚ 104 ಗ್ರಾಂ, ಕರಿಯ 98, ಪುಟ್ಟ ಚುಕ್ಕಿ 101, ಕೊನೆಯದು 78.

ನಿವೃತ್ತ_ಇನ್ಸ್‌ಪೆಕ್ಟರ್ – ಮಾರ್ಚ್ 22, ಬೆಳಗ್ಗೆ 6:30

ಶಭಾಷ್ ಅಮ್ಮಾ. ಈಗ ಗಿಣ್ಣು ಹಾಲು ಮುಖ್ಯ. ಮೊದಲ ಅರ್ಧ ದಿನದೊಳಗೆ ನಾಲ್ಕೂ ಹೊಟ್ಟೆಗೆ ಹೋಗಬೇಕು, ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು. ದಿನಾ ಒಂದೇ ಹೊತ್ತಿಗೆ ತೂಗಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು.

ಚುಕ್ಕಿಯಮ್ಮ – ಮಾರ್ಚ್ 23, ಬೆಳಗ್ಗೆ 7:15

ಮೂರು ಏರಿವೆ. ಚಿಕ್ಕದು 74ಕ್ಕೆ ಇಳಿದಿದೆ. ಬೇರೆಯವು ತಳ್ಳಿಬಿಡುತ್ತವೆ. ಹಸುವಿನ ಹಾಲು ಹತ್ತಿಯಲ್ಲಿ ಹಾಕಲಾ?

ಮಾಳಿಗೆಬೆಕ್ಕು – ಮಾರ್ಚ್ 23, ಬೆಳಗ್ಗೆ 7:22

ಬೇಡ. ಮೊದಲು ಮೈ ಮುಟ್ಟಿ ನೋಡಿ. ತಣ್ಣಗಿದ್ದರೆ ಎದೆಗೆ ಒತ್ತಿಕೊಂಡು ಬಿಸಿ ಮಾಡಿ, ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಅರಗಲ್ಲ. ಆಮೇಲೆ ದೊಡ್ಡ ಮೂರನ್ನು 15 ನಿಮಿಷ ಬಿಸಿ ಬಾಟಲಿ ಪಕ್ಕ ಇಟ್ಟು, ಇದೊಂದನ್ನೇ ಹಿಂದಿನ ತೊಟ್ಟಿಗೆ ಹಿಡಿಯಿರಿ. ಹಾಲು ಅಲ್ಲಿ ಜಾಸ್ತಿ. ಎರಡು ಗಂಟೆಗೊಂದು ಸಲ. ಸಂಜೆ ಮತ್ತೆ ತೂಗಿ. ಏರಿಲ್ಲ ಅಂದರೆ ಬೆಕ್ಕಿನ ಮರಿಗೆ ಅಂತಲೇ ಬರುವ ಹಾಲಿನ ಪುಡಿ ತರಿಸಿ, ಡಾಕ್ಟರಿಗೂ ತೋರಿಸಿ.

ರಾಗಿರೊಟ್ಟಿ – ಮಾರ್ಚ್ 25, ಮಧ್ಯಾಹ್ನ 1:10

ಚಿಕ್ಕದು ಹೇಗಿದೆ? ನಾನು ಹಾಲು ತುಪ್ಪದ ಮಾತು ವಾಪಸ್ ತಗೊಂಡಿದ್ದೇನೆ.

ಚುಕ್ಕಿಯಮ್ಮ – ಮಾರ್ಚ್ 29, ರಾತ್ರಿ 8:20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 26ಕ್ಕೆ ಬೀರು ಖಾಲಿ! ಮನೆಯೆಲ್ಲ ಹುಡುಕಿದರೆ ನಾಲ್ಕನ್ನೂ ಅಟ್ಟದ ಮೇಲೆ ಹಳೇ ತೊಟ್ಟಿಲಿಗೆ ಸಾಗಿಸಿದ್ದಾಳೆ. ಏಳು ಮನೆ ತಿರುಗಿಸುತ್ತೆ ಅಂತಾರಲ್ಲ, ಹಾಗೆ. ನಿನ್ನೆ ತಾನಾಗಿ ಕೆಳಗೆ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ನಾವು ಮಾತೇ ಆಡಲಿಲ್ಲ.

ಇವತ್ತಿನ ತೂಕ: ಕೆಂಚ 182, ಕರಿಯ 171, ಪುಟ್ಟ ಚುಕ್ಕಿ 176, ಚಿಕ್ಕದು 121. ಪುಡಿ ತರಿಸಿದ್ದೆ, ಡಬ್ಬ ಒಡೆಯುವ ಕೆಲಸವೇ ಬೀಳಲಿಲ್ಲ. ಕೆಂಚನ ಒಂದು ಕಣ್ಣು ಸ್ವಲ್ಪ ಬಿರಿದಿದೆ.

ಚುಕ್ಕಿಗೆ ಆಪರೇಷನ್ ಯಾವಾಗ ಮಾಡಿಸಬಹುದು?

ನಿವೃತ್ತ_ಇನ್ಸ್‌ಪೆಕ್ಟರ್ – ಮಾರ್ಚ್ 29, ರಾತ್ರಿ 9:00

ಮರಿಗಳು ಎಂಟು ವಾರಕ್ಕೆ ಹಾಲು ಬಿಡುತ್ತವೆ. ಹಾಲು ಬತ್ತಿದ ಮೇಲೆ ಮಾಡಿಸಿ. ಆದರೆ ಹಾಲು ಕೊಡುತ್ತಿರುವಾಗಲೇ ಮತ್ತೆ ಬೆದೆಗೆ ಬಂದು ಗಬ್ಬ ಆಗಬಹುದು, ಅಲ್ಲಿಯವರೆಗೆ ಹೊರಗೆ ಬಿಡಬೇಡಿ.

ಚುಕ್ಕಿಯಮ್ಮ – ಮಾರ್ಚ್ 29, ರಾತ್ರಿ 9:06

ಸರಿ ಸರ್. ಆ ಕರಿ ಗಂಡುಬೆಕ್ಕು ಇವತ್ತು ಬೆಳಗ್ಗೆಯೇ ಬಂದು ಪಾಗಾರದ ಮೇಲೆ ಕೂತಿದೆ. ಅಡುಗೆಮನೆ ಕಿಟಕಿಗೆ ಜಾಲರಿ ಹೊಡೆಯಲು ನಾಳೆ ಆಚಾರಿ ಬರುತ್ತಾರೆ.