ಬೆನ್ನೆಲುಬು ಸರಿಮಾಡಿಸಿದರೆ ಬಿಪಿ ಗುಳಿಗೆ ಬಿಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬಾಗಲಕೋಟೆ: ನಮ್ಮ ಅಪ್ಪಾಜಿಗೆ 61. ಐದು ವರ್ಷದಿಂದ ಬಿಪಿ ಗುಳಿಗೆ ತಗೊಳ್ತಾರೆ. ಬೆನ್ನುನೋವಿಗೆ ಅಂತ ಒಬ್ಬ ಕೈರೋಪ್ರ್ಯಾಕ್ಟರ್ (ಕೈಯಿಂದ ಬೆನ್ನೆಲುಬು ಒತ್ತಿ ಸರಿಮಾಡುವವರು) ಹತ್ತಿರ ಹೋಗಿದ್ದೆವು. "ಕುತ್ತಿಗೆಯ ಮೂಳೆ ಸರಿದು ಹೃದಯದ ನರ ಒತ್ತುತ್ತಿದೆ. ಹತ್ತು ಸಲ ಬನ್ನಿ, ಗುಳಿಗೆ ಬೇಕಾಗಲ್ಲ" ಎಂದರು. ಮೊನ್ನೆಯಿಂದ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ ಅಂತಿದ್ದಾರೆ. ಏನು ಮಾಡಲಿ?

ಜಮಖಂಡಿಯಿಂದ: ತಂಗೀ, ಉಳಿದದ್ದು ಆಮೇಲೆ. ಇವತ್ತೇ ಇಸಿಜಿ ಮಾಡಿಸು.

ನಮ್ಮ ಮಾವ ರಬಕವಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ಕೂತವರು. ಎಡ ಹೆಗಲ ಹಿಂದೆ ನೋವು ಅಂದಾಗ ಮಗ್ಗದ ನೋವೇ ಅಂದುಕೊಂಡೆವು. ಒಬ್ಬರು ಮೂರು ವಾರ ಬೆನ್ನು ಒತ್ತಿದರು. ಲಟಕ್ ಅಂತ ಸದ್ದು ಬಂದರೆ ಮಾವನಿಗೆ ಸಮಾಧಾನ, "ಹಗುರಾತು" ಅನ್ನುತ್ತಿದ್ದರು. ಆದರೆ ನೂಲಿನ ಗಂಟು ಹೊತ್ತು ಅಟ್ಟ ಹತ್ತಿದರೆ ಮತ್ತೆ ಅದೇ ನೋವು. ಕೂತರೆ ಐದು ನಿಮಿಷಕ್ಕೆ ಮಾಯ. ನಡೆದರೆ ಬರುವುದು, ಕೂತರೆ ಹೋಗುವುದು. ಇದನ್ನು ನಾವ್ಯಾರೂ ಗಮನಿಸಲಿಲ್ಲ. ಒಂದು ರಾತ್ರಿ ಬನಿಯನ್ ಹಿಂಡುವಷ್ಟು ಬೆವರಿದರು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಕಾಗದ ಅರ್ಧ ಹೊರಗೆ ಬಂದಿತ್ತು, ಅಷ್ಟರಲ್ಲೇ ಡಾಕ್ಟರ್ ಆಂಬುಲೆನ್ಸ್‌ಗೆ ಹೇಳಿದರು. ಬೆಳಗಾವಿಯಲ್ಲಿ ಎರಡು ಸ್ಟೆಂಟ್ ಹಾಕಿದರು, ಬದುಕಿದರು. ಆ ಮೂರು ವಾರ ನೆನಪಾದರೆ ಈಗಲೂ ಹೊಟ್ಟೆ ಕಲಸುತ್ತದೆ.

ವಿಜಯಪುರದಿಂದ: ನಾನು ಫಿಸಿಯೋಥೆರಪಿಸ್ಟ್. ಅಕ್ಕಾರು ಹೇಳಿದ್ದೇ ಸರಿ. ಈ ನರದ ಮಾತು ಹಳೆಯದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕ್ ಶುರು ಮಾಡಿದರು. ಬೆನ್ನೆಲುಬು ಸರಿಸಿ ಮೊದಲು ಒಬ್ಬರ ಕಿವುಡು, ಆಮೇಲೆ ಒಬ್ಬರ ಹೃದಯದ ತೊಂದರೆ ವಾಸಿ ಮಾಡಿದೆ ಎಂದು ಅವರೇ ಬರೆದುಕೊಂಡಿದ್ದಾರೆ. ಮೆದುಳಿನಿಂದ, ಬೆನ್ನುಹುರಿಯಿಂದ ಹೃದಯಕ್ಕೆ ನರ ಹೋಗುವುದು ನಿಜ. ಅವು ಬಡಿತವನ್ನು ಜಾಸ್ತಿಯೋ ಕಡಿಮೆಯೋ ಮಾಡುತ್ತವೆ. ಬಡಿತ ಹುಟ್ಟುವುದು ಮಾತ್ರ ಹೃದಯದಲ್ಲೇ. ಹೃದಯ ಕಸಿ ಮಾಡುವಾಗ ಆ ನರಗಳೆಲ್ಲ ಕಡಿದುಹೋಗುತ್ತವೆ, ಆದರೂ ಹೊಸ ಹೃದಯ ಬಡಿಯುತ್ತದೆ ಅಲ್ವಾ? ರಕ್ತನಾಳದಲ್ಲಿ ಕೂತ ಕೊಬ್ಬಂತೂ ಮೂಳೆ ಒತ್ತಿದರೆ ಕರಗಲ್ಲ.

ನಿಮ್ಮ ಕೈರೋಪ್ರ್ಯಾಕ್ಟರ್ 2007ರ ಒಂದು ಅಧ್ಯಯನ ತೋರಿಸಬಹುದು. ಕುತ್ತಿಗೆಯ ಮೊದಲ ಮೂಳೆ ಸರಿಪಡಿಸಿದ ಮೇಲೆ 8 ವಾರಕ್ಕೆ ಮೇಲಿನ ಬಿಪಿ ಸರಾಸರಿ 17 ಇಳಿದಿತ್ತು. ಆದರೆ ಅದರಲ್ಲಿದ್ದವರು ಒಟ್ಟು 50 ಜನ. ಅಷ್ಟನ್ನೇ ನಂಬಿ ಗುಳಿಗೆ ಬಿಡಿಸುವುದು ತಪ್ಪು. ಗುಳಿಗೆ ದಯವಿಟ್ಟು ನಿಲ್ಲಿಸಬೇಡಿ. ಕುತ್ತಿಗೆಯನ್ನು ಜೋರಾಗಿ ತಿರುಗಿಸಲೂ ಬಿಡಬೇಡಿ. ಅಪರೂಪಕ್ಕೆ ಅಲ್ಲಿನ ರಕ್ತನಾಳ ಸೀಳಿ ಲಕ್ವ ಹೊಡೆದದ್ದುಂಟು.

ಗೋಕಾಕದಿಂದ: ನನಗೆ ಸೊಂಟನೋವಿಗೆ ಕೈರೋಪ್ರಾಕ್ಟಿಕ್‌ನಿಂದ ಆರಾಮಾಗಿದೆ, ಸುಳ್ಳು ಹೇಳಲ್ಲ. ಆದರೆ ನನ್ನನ್ನು ನೋಡಿದವರು ಸೊಂಟ ಬಿಟ್ಟು ಬೇರೆ ಮಾತೇ ಆಡಲಿಲ್ಲ. "ಶುಗರ್, ಬಿಪಿ ನಿಮ್ಮ ಡಾಕ್ಟರಿಗೆ ಬಿಡಿ" ಎಂದರು. ಅಂಥವರಾದರೆ ಹೋಗಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡುತ್ತಾರೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡ ಪುಕ್ಕಟೆ. ದುಡ್ಡಿನ ಚಿಂತೆಯಲ್ಲಿ ತಡ ಮಾಡಬೇಡಿ.

ಕೇಳಿದವರು, ಬಾಗಲಕೋಟೆ: ಅಕ್ಕಾ, ಆಸ್ಪತ್ರೆಗೆ ಬಂದಿದ್ದೇವೆ. ಅಪ್ಪಾಜಿ "ಸುಮ್ನೆ ಕರ್ಕೊಂಡು ಬಂದಿ" ಅಂತ ಬೈದರು. ಈಗ ಅಂಗಿ ಬಿಚ್ಚಿ ಮಲಗಿದ್ದಾರೆ, ಎದೆಗೆ ವೈರು ಅಂಟಿಸುತ್ತಿದ್ದಾರೆ. ಕಾಗದ ಬಂದ ಕೂಡಲೇ ತಿಳಿಸುತ್ತೇನೆ.