ಆಂಬುಲೆನ್ಸ್ ಬಂದ್ಮೇಲೂ ಎತ್ಕೊಂಡ್ ಹೋಗ್ದೆ ಪ್ರಶ್ನೆ ಕೇಳ್ತಾ ಕೂರೋದು ಯಾಕೆ?

ಕೆರೆಏರಿ:
ಹೋದ ವಾರ ನಮ್ ದೊಡ್ಡಪ್ಪ ಬೆಳಗ್ಗೆ ಹಾಲು ಕರೆಯೋಕೆ ಹೋದವ್ರು ಕೊಟ್ಟಿಗೇಲೇ ಕುಸಿದು ಕೂತ್ಬಿಟ್ರು, ಮಾತು ತೊದಲ್ತಿತ್ತು, ಮೈಯೆಲ್ಲಾ ಬೆವರು, ಬಲಗೈ ಎತ್ತೋಕೇ ಆಗ್ತಿಲ್ಲ. ಲಕ್ವ ಹೊಡೀತು ಅಂತ ಮನೇಲಿ ಗೋಳಾಟ ಶುರು. ಆಂಬುಲೆನ್ಸ್ ಬಂತು, ಆದ್ರೆ ಆ ಹುಡುಗ ಸ್ಟ್ರೆಚರ್ ಇಳಿಸೋ ಬದ್ಲು ಭುಜ ತಟ್ಟಿ ಹೆಸರು ಕೇಳ್ದ, ಬೆರಳಿಗೆ ಚುಚ್ಚಿ ಶುಗರ್ ನೋಡ್ದ, ರಾತ್ರಿ ಊಟ ಮಾಡಿದ್ರಾ, ಯಾವ ಮಾತ್ರೆ ತಗೋತಾರೆ ಅಂತ ವಿಚಾರಿಸ್ತಾ ಕೂತ. ಶುಗರ್ ಇಳಿದಿದೆ ಅಂತ ಡ್ರಿಪ್ ಹಾಕಿದ್ಮೇಲೆ ದೊಡ್ಡಪ್ಪ ಮಾತಾಡಿದ್ರು, ಆಸ್ಪತ್ರೆಗೆ ಬರಲ್ಲ ಅಂತ ಹಠಾನೂ ಮಾಡಿದ್ರು, ಅದು ಬೇರೆ. ನಿಜವಾಗ್ಲೂ ಲಕ್ವ ಆಗಿದ್ರೆ ಅಷ್ಟು ಹೊತ್ತು ದಂಡ ಅಲ್ವಾ?

ಹಗಲಿರುಳು ಡ್ಯೂಟಿ:
ನಾನೂ ಇಎಂಟಿನೇ ಬ್ರದರ್, ಅಂದ್ರೆ ಆಂಬುಲೆನ್ಸಲ್ಲಿ ಬಂದು ಮೊದಲ ಚಿಕಿತ್ಸೆ ಕೊಡೋನು. ಹೆಸರು ಕೇಳೋದು ಪರಿಚಯಕ್ಕಲ್ಲ 😀 ಬಾಯ್ಬಿಟ್ಟು ಉತ್ತರ ಕೊಟ್ರೆ ಉಸಿರಿನ ದಾರಿ ಸದ್ಯಕ್ಕೆ ಕಟ್ಟಿಲ್ಲ, ಉಸಿರಾಡ್ತಿದಾರೆ, ಎಚ್ಚರ ಇದೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ. ಉತ್ತರ ಇಲ್ಲ ಅಂದ್ರೆ ಜೋರಾಗಿ ಕೂಗಿದ್ರೆ ಕಣ್ ಬಿಡ್ತಾರಾ, ನೋವು ಮಾಡಿದ್ರೆ ಅಲುಗಾಡ್ತಾರಾ, ಅದಕ್ಕೂ ಇಲ್ವಾ, ಹೀಗೆ ನೋಡ್ತಾ ಹೋಗ್ತೀವಿ. ಅಷ್ಟರಲ್ಲಿ ಇನ್ನೊಂದ್ ಕೈ ನಾಡಿ ಮೇಲೆ ಇರುತ್ತೆ, ಮೈ ತಣ್ಣಗಿದ್ಯಾ ಅನ್ನೋದೂ ಅಲ್ಲೇ ತಿಳಿಯುತ್ತೆ. ಇನ್ನು ಶುಗರ್ 70ಕ್ಕಿಂತ ತುಂಬಾ ಕೆಳಗೆ ಇಳಿದ್ರೆ ಥೇಟ್ ಲಕ್ವದ ಥರಾನೇ ಕಾಣ್ಬಹುದು, ಒಂದ್ ಕಡೆ ಕೈಕಾಲು ಸೋಲೋದೂ ಉಂಟು. ಅದಕ್ಕೇ ಗ್ಲೂಕೋಮೀಟರ್ ಮೊದಲು ಹೊರಗ್ ಬರೋದು, ಒಂದ್ ನಿಮಿಷಾನೂ ಬೇಡ. ಮಾತ್ರೆ ಕೇಳಿದ್ದೂ ಅದಕ್ಕೇ, ಗ್ಲಿಮಿಪಿರೈಡ್ ಥರದ ಶುಗರ್ ಇಳಿಸೋ ಮಾತ್ರೆ ನುಂಗಿ ಊಟ ಬಿಟ್ಟಿದ್ರೆ ಗ್ಲೂಕೋಸ್ ಕೊಟ್ಮೇಲೂ ಮತ್ತೆ ಇಳೀಬಹುದು, ಆರಾಮಾದ್ರು ಅಂತ ಮನೇಲಿ ಬಿಡೋ ಹಾಗಿಲ್ಲ.

ಹುಬ್ಬಳ್ಳಿ ಸಿಸ್ಟರ್:
ಖರೇ ಲಕ್ವಾ ಇದ್ರೂ ಪ್ರಶ್ನೆ ಕೇಳಾಕಬೇಕ್ರಿ. "ಕಡೀಕ ಆರಾಮ ಇದ್ದಿದ್ದು ಯಾವಾಗ ನೋಡೀರಿ" ಅಂತ ಕೇಳಿದ್ರ ಮನ್ಯಾಗ ಎಲ್ಲಾರೂ ಮುಖಾಮುಖಾ ನೋಡ್ತಾರ! ರಕ್ತದ ಗಡ್ಡಿ ಕರಗಸೋ ಇಂಜೆಕ್ಷನ್ನಿಗೆ ಸುಮಾರು ನಾಲ್ಕೂವರೆ ತಾಸಿನ ಲೆಕ್ಕ ಐತಿ, ಅದು ಶುರು ಆಗೋದು ನೀವು ನೋಡಿದ ಹೊತ್ತಿಂದ ಅಲ್ರಿ, ಅವರು ಕಡೀಕ ಆರಾಮ ಇದ್ದ ಹೊತ್ತಿಂದ. ಸಿಟಿ ಸ್ಕ್ಯಾನ್ ಇಲ್ಲದ ದವಾಖಾನಿಗೆ ಒಯ್ದ್ರ ಅಲ್ಲಿಂದ ಮತ್ತೊಂದು ಕಡೆ ಓಡಬೇಕು, ಎಲ್ಲಿಗೆ ಒಯ್ಯೋದು ಅನ್ನೋದ ಇದರಾಗ ತೀರ್ಮಾನ ಆಗ್ತೈತಿ.

ಬೈಕ್ ಮಂಜ:
ಆಕ್ಸಿಡೆಂಟಲ್ಲೂ ಇದೇ ಪುರಾಣಾನಾ ಗುರು?

ಹಗಲಿರುಳು ಡ್ಯೂಟಿ:
ಇಲ್ಲ ಮಂಜಣ್ಣ, ಅಲ್ಲಿ ಲೆಕ್ಕ ಬೇರೆ. ಹಿಂದಿಂದ ಲಾರಿ ಬರ್ತಿಲ್ವಾ ನೋಡ್ಕೊಂಡು ಇಳೀಬೇಕು, ರಕ್ತ ಚಿಮ್ತಿದ್ರೆ ಮೊದಲು ಅದನ್ನ ಒತ್ತಿ ಹಿಡಿ, ಕುತ್ತಿಗೆ ಅಲ್ಲಾಡದ ಹಾಗೆ ಎತ್ತು, ಹೊರಡು. ಹೊಟ್ಟೆ ಒಳಗೆ ರಕ್ತ ಸೋರ್ತಿದ್ರೆ ರೋಡಲ್ಲಿ ನಿಂತ್ಕೊಂಡು ನಾವ್ ಮಾಡೋದು ಏನೂ ಇಲ್ಲ, ಆಪರೇಷನ್ ಥಿಯೇಟರೇ ಬೇಕು. ಮಾತ್ರೆ, ಅಲರ್ಜಿ ಎಲ್ಲಾ ಗಾಡೀಲಿ ಹೋಗ್ತಾ ಕೇಳ್ತೀವಿ.

ಕೆರೆಏರಿ:
ಈಗ ಮಾತ್ರೆ ಡಬ್ಬಿ ತೆಗೆದ್ ನೋಡ್ದೆ, ಗ್ಲಿಮಿಪಿರೈಡೇ. ಹಿಂದಿನ ರಾತ್ರಿ ಮದುವೆ ಮನೇಲಿ ಮಜ್ಜಿಗೆ ಕುಡಿದು ಬಂದಿದ್ರಂತೆ, ಊಟ ಇಲ್ಲ. ಚೀಟಿ ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿದೀನಿ.