ಅಡಿಕೆ ಮದ್ದು ಕಾಯಿಗೆ ಹಿಡಿಯುವುದಿಲ್ಲ, ಸೋಪು ಹಾಕಬಹುದಾ?

ಪ್ರಶ್ನೆ (ಹೆಬ್ರಿ ಕಡೆಯ ಬೆಳೆಗಾರರು):
ನಮಸ್ಕಾರ ಮೇಡಂ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಒಂದು ಸುತ್ತು ಬೋರ್ಡೋ ಬಿಟ್ಟಾಗಬೇಕು. ಅಳತೆ ಮಾಮೂಲಿಯೇ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ತೊಂದರೆ ಎಂತ ಅಂದ್ರೆ, ಎಳೆ ಕಾಯಿಯ ಮೇಲೆ ಮದ್ದು ಮಣಿಮಣಿಯಾಗಿ ನಿಂತು ಉರುಳಿಬಿಡ್ತದೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ. ಪಕ್ಕದ ಮನೆಯವರು ಬಟ್ಟೆ ಸೋಪು ಹಾಕಿ ಅಂತಾರೆ, ಬಾವ ಹಂಡೆಯ ಬಿಸಿನೀರಲ್ಲಿ ಕಲಸು ಅಂತಾರೆ, ಇನ್ನೊಬ್ಬರು ಒಂದು ಮುಷ್ಟಿ ಉಪ್ಪು ಅಂತ. ಯಾರ ಮಾತು ಕೇಳುವುದು?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ಉಡುಪಿ):
ಅಣ್ಣ, ನಿಮ್ಮ ಕೆಸುವಿನ ಎಲೆಯ ಮಾತೇ ಸರಿ. ಕಾಯಿಯ ಮೇಲೆ ಮೇಣದ ಪದರ ಉಂಟು, ನೀರಿಗೆ ಅದು ಆಗಿಬರುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡು, ಮೈ ಆದಷ್ಟು ಚಿಕ್ಕದಾಗುವಂತೆ ಉಂಡೆಗಟ್ಟುತ್ತವೆ. ಇದೇ ಮೇಲ್ಮೈ ಎಳೆತ. 20 ಡಿಗ್ರಿಯಲ್ಲಿ ನೀರಿಗೆ ಅದು ಮೀಟರಿಗೆ 72.8 ಮಿಲಿನ್ಯೂಟನ್. ಸ್ಪಿರಿಟ್ಟಿಗೆ ಬರೀ 22ರ ಆಸುಪಾಸು, ಹಾಗಾಗಿ ಅದು ಬಿದ್ದಲ್ಲೇ ಹರಡಿಕೊಳ್ಳುತ್ತದೆ.

ಬಾವನವರ ಬಿಸಿನೀರಿನ ಲೆಕ್ಕ ತಪ್ಪಲ್ಲ, ಬಿಸಿಯಾದಷ್ಟೂ ಎಳೆತ ಕಮ್ಮಿ. ಆದರೆ ಎಷ್ಟು? 30 ಡಿಗ್ರಿಯಲ್ಲಿ 71, 60ರಲ್ಲಿ 66, ಕುದಿಯುವಾಗಲೂ 59. ಅಷ್ಟಕ್ಕಾಗಿ ಸೌದೆ ಸುಡಬೇಡಿ. ಮದ್ದು ದೋಟಿಯ ತುದಿಯಿಂದ ಹೊರಟು ಗೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಉಪ್ಪು ಬೇಡವೇ ಬೇಡ. ಉಪ್ಪು ಹಾಕಿದರೆ ಎಳೆತ ಇಳಿಯುವುದಿಲ್ಲ, ಚೂರು ಏರುತ್ತದೆ. ಮಲ್ಪೆಯ ಸಮುದ್ರದ ನೀರು ನಿಮ್ಮ ಬಾವಿ ನೀರಿಗಿಂತ ಸುಮಾರು 1 ಮಿಲಿನ್ಯೂಟನ್ ಹೆಚ್ಚೇ.

ಸೋಪಿನ ಕಡೆ ಬರುವ. ಸೋಪಿನ ಕಣಕ್ಕೆ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ಎಣ್ಣೆಯನ್ನು. ಹಾಗಾಗಿ ಅದು ಒಳಗೆ ಕೂರದೆ ಮೇಲ್ಮೈಗೆ ಬಂದು ಸಾಲುಗಟ್ಟುತ್ತದೆ, ಎಳೆತ ಅರ್ಧಕ್ಕೆ ಇಳಿಯುತ್ತದೆ. ಬಿಸಿನೀರು ಮಾಡಲಾಗದ್ದನ್ನು ಒಂದು ಚಿಟಿಕೆ ಮಾಡುತ್ತದೆ. ಆದರೆ ಬಾರ್ ಸೋಪನ್ನು ಬೋರ್ಡೋಗೆ ಹಾಕಬೇಡಿ. ಸುಣ್ಣದ ಕ್ಯಾಲ್ಸಿಯಂ ತಾಗಿದ ಕೂಡಲೇ ಸೋಪು ಮೊಸರೊಡೆದ ಹಾಗೆ ಒಡೆದು ನಾಝಲ್ ಕಟ್ಟುತ್ತದೆ. ಡಿಟರ್ಜೆಂಟ್ ಹಾಗೆ ಒಡೆಯುವುದಿಲ್ಲ ನಿಜ, ಅದರ ತಾಪತ್ರಯ ಬೇರೆ.

ಪ್ರಶ್ನಿಸಿದವರು:
ಹೋದ ವರ್ಷ ಸೋಪಿನ ಪುಡಿ ಹಾಕಿ ನೋಡಿದ್ದೆ ಮೇಡಂ. ಡ್ರಮ್ಮಿಡೀ ನೊರೆ. ಮದ್ದು ಹರಡಿತು, ಹಾಗೇ ಇಳಿದು ಬುಡಕ್ಕೂ ಹೋಯಿತು.

ಉಪನ್ಯಾಸಕಿ:
ಅದೇ ಹೇಳಹೊರಟದ್ದು. ಹರಡುವುದೇ ಬೇರೆ, ಅಂಟಿ ನಿಲ್ಲುವುದೇ ಬೇರೆ. ಎಳೆತ ತೀರಾ ಇಳಿದರೆ ಹನಿ ನಿಲ್ಲದೆ ಸೋರಿ ಹೋಗುತ್ತದೆ, ಒಣಗಿ ಉಳಿದದ್ದನ್ನೂ ಮಳೆ ತೊಳೆಯುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಲಾಭ ಎನ್ನುವುದೂ ಇಲ್ಲ. ಒಂದು ಮಟ್ಟದ ನಂತರ ಮೇಲ್ಮೈ ಭರ್ತಿ, ಉಳಿದ ಕಣಗಳು ಒಳಗೇ ಗುಂಪು ಕಟ್ಟಿ ಕೂರುತ್ತವೆ. ಶಾಂಪೂವಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟಿಗೆ ಆ ಮಟ್ಟ ಲೀಟರಿಗೆ ಸುಮಾರು 2.3 ಗ್ರಾಂ. ಅದರ ಮೇಲೆ ಹಾಕಿದ್ದೆಲ್ಲ ನೊರೆಗೆ ಮತ್ತು ಅಂಗಡಿಯವರಿಗೆ. ನಿಮಗೆ ಬೇಕಾದದ್ದು ಅಂಟು. ರಾಳವನ್ನು ವಾಷಿಂಗ್ ಸೋಡಾದ ಜೊತೆ ಕಾಯಿಸಿ ಮಾಡುವ ಹಳೇ ಅಂಟಾದರೂ ಆಯಿತು, ಪೇಟೆಯದ್ದಾದರೆ ಡಬ್ಬಿಯ ಮೇಲಿನ ಅಳತೆ ಮೀರಬೇಡಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೂಜಿ ಇಲ್ಲದ 5 ಮಿಲಿ ಸಿರಿಂಜಿನಿಂದ ನಿಧಾನಕ್ಕೆ ಹನಿ ಬೀಳಿಸಿ ಎಣಿಸಿ. ಎಳೆತ ಕಮ್ಮಿಯಾದಷ್ಟೂ ಹನಿ ಸಣ್ಣ, ಲೆಕ್ಕ ಜಾಸ್ತಿ.

ಇನ್ನೊಬ್ಬ ಸದಸ್ಯರು (ಮಂಗಳೂರು):
ಮೇಡಂ, ಸಿರಿಂಜಿನ ಹೊರಗೆ ತೆಂಗಿನೆಣ್ಣೆ ತಾಗಿದ್ದರೆ?

ಉಪನ್ಯಾಸಕಿ:
ಲೆಕ್ಕವೇ ಕೆಟ್ಟಿತು! ಬೆರಳಿನ ಜಿಡ್ಡೂ ಸಾಕು. ನಮ್ಮ ಲ್ಯಾಬಿನಲ್ಲಿ ಮಕ್ಕಳಿಗೆ ನೀರಿನ ಎಳೆತ 50 ಬಂದರೆ ನಾನು ಮೊದಲು ನೋಡುವುದು ಗಾಜಿನ ನಳಿಗೆ ಸರಿಯಾಗಿ ತೊಳೆದಿದ್ದಾರಾ ಅಂತ. 1891ರಲ್ಲಿ ನೀರಿನ ಮೇಲಿನ ಜಿಡ್ಡಿನ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದ ಆಗ್ನೆಸ್ ಪೊಕೆಲ್ಸ್ ಕೆಲಸ ಮಾಡಿದ್ದು ತನ್ನ ಅಡುಗೆಮನೆಯಲ್ಲಿ.

ಪ್ರಶ್ನಿಸಿದವರು (ಮಾರನೆ ದಿನ):
ಎಣಿಸಿದೆ. ಬಾವಿ ನೀರು 84 ಹನಿ, ಅಂಟು ಹಾಕಿದ್ದು 131.

ಉಪನ್ಯಾಸಕಿ:
30 ಡಿಗ್ರಿಯ ನೀರಿನ ಎಳೆತ 71, ಅದನ್ನು 84ರಿಂದ ಗುಣಿಸಿ 131ರಿಂದ ಭಾಗಿಸಿ, ನಿಮ್ಮ ಮದ್ದಿನ ಎಳೆತ 45ರ ಹತ್ತಿರ ಬರುತ್ತದೆ. ಅಂದಾಜಿಗೆ ಸಾಕು. ಇನ್ನು ಒಂದು ಕಾಯಿ ಕಿತ್ತು ಮದ್ದಿನಲ್ಲಿ ಅದ್ದಿ ಎತ್ತಿ. ನೀಲಿ ಪದರ ಮಣಿ ಕಟ್ಟದೆ ಒಂದೇ ಸಮ ನಿಂತು, ಒಣಗಿದ ಮೇಲೆ ಚೊಂಬು ನೀರು ಹೊಯ್ದರೂ ಬಿಡದಿದ್ದರೆ ಆಳನ್ನು ಕರೆಯಿರಿ.